ಸಾಫ್ಟ್‌ಬಾಲ್ ಪಂದ್ಯಾವಳಿಗೆ ಕರೆಸಿದ ಅಂಪೈರ್‌ಗಳು: ಮೈಸೂರಿನ ಎರಡು ದಿನಗಳ ಅನುಭವ

ಕಳೆದ ಜನವರಿಯ ಒಂದು ಶನಿವಾರ ಮತ್ತು ಭಾನುವಾರ ನಮ್ಮ ಬಡಾವಣೆಯ ಕ್ರೀಡಾ ಸಂಘವು ಸರಸ್ವತೀಪುರಂ ಹತ್ತಿರದ ಮೈದಾನವೊಂದರಲ್ಲಿ ಹುಡುಗಿಯರಿಗಾಗಿ ಸಾಫ್ಟ್‌ಬಾಲ್ ಪಂದ್ಯಾವಳಿ ನಡೆಸಿತು. ಮೈದಾನ, ಊಟ, ಪದಕ, ಶಾಮಿಯಾನಾ ಎಲ್ಲವನ್ನೂ ನಾವೇ ನೋಡಿಕೊಂಡೆವು. ಅಂಪೈರ್‌ಗಳನ್ನು ಮಾತ್ರ ಹೊರಗಿನಿಂದ ಕರೆಸಿದೆವು. ಮೈಸೂರಿನ ಕೆಲವು ಹಳೆಯ ಆಟಗಾರರು ಸೇರಿ ಕಟ್ಟಿಕೊಂಡಿರುವ ಒಂದು ಸಣ್ಣ ಗುಂಪು ಶಾಲೆ ಕಾಲೇಜುಗಳ ಪಂದ್ಯಗಳಿಗೆ ಇಷ್ಟು ಹಣಕ್ಕೆ ಇಷ್ಟು ಜನ ಎಂದು ಮಾತಾಡಿಕೊಂಡು ಅಂಪೈರ್‌ಗಳನ್ನು ಕಳಿಸುತ್ತದೆ. ಆ ಸೇವೆಯ ಬಗ್ಗೆಯೇ ಈ ವಿಮರ್ಶೆ. ಗುಂಪಿನ ಹೆಸರನ್ನು ನಾನು ಬರೆಯುವುದಿಲ್ಲ, ಏಕೆಂದರೆ ಭಾನುವಾರ ಬೆಳಗಿನ ಪಂದ್ಯದ ಬಗ್ಗೆ ನನಗೊಂದು ಗಟ್ಟಿಯಾದ ದೂರಿದೆ, ಮತ್ತು ಆ ದೂರಿನಲ್ಲಿ ನಮ್ಮ ಸಂಘದ ಪಾಲೂ ಇದೆ.

ಮೊದಲಿಗೆ ನಮ್ಮ ಪಂದ್ಯಾವಳಿಯ ವಿಚಿತ್ರವನ್ನು ಹೇಳಬೇಕು. ಹೈಸ್ಕೂಲಿಗೊಂದು, ಪಿಯುಸಿಗೊಂದು ಎಂದು ಎರಡು ವಿಭಾಗ ಮಾಡುವಷ್ಟು ತಂಡಗಳು ಸಿಗಲಿಲ್ಲ. ಮೈಸೂರು, ನಂಜನಗೂಡು, ಶ್ರೀರಂಗಪಟ್ಟಣ, ಮಂಡ್ಯ ಎಲ್ಲವನ್ನೂ ಸೇರಿಸಿದರೂ ಎಂಟೇ ತಂಡಗಳಾದವು, ಹಾಗಾಗಿ ಎಲ್ಲರನ್ನೂ ಒಂದೇ ಪಟ್ಟಿಯಲ್ಲಿ ಹಾಕಿ ನಾಕ್‌ಔಟ್ ಮಾಡಿದೆವು. ಇದರ ಪರಿಣಾಮವೆಂದರೆ, ಒಂದು ಕಡೆ ರಾಜ್ಯಮಟ್ಟದಲ್ಲಿ ಆಡಿ ಬಂದ, ತೋಳನ್ನು ಗಾಳಿಯಂತ್ರದಂತೆ ಪೂರ್ತಿ ಒಂದು ಸುತ್ತು ತಿರುಗಿಸಿ ರಪ್ಪನೆ ಎಸೆಯುವ ಪಿಯುಸಿ ಹುಡುಗಿ, ಇನ್ನೊಂದು ಕಡೆ ದಸರಾ ರಜೆಯ ನಂತರವಷ್ಟೇ ಪಿಚ್ಚಿಂಗ್ ಕಲಿಯಲು ಶುರುಮಾಡಿದ ಎಂಟನೇ ತರಗತಿಯ ಹುಡುಗಿ, ಇಬ್ಬರೂ ಅದೇ ಬಿಳಿ ಪಟ್ಟಿಯ ಮೇಲೆ ನಿಂತು ಅದೇ ಪ್ಲೇಟಿಗೆ ಎಸೆಯಬೇಕಾಯಿತು. ಅಂತರರಾಷ್ಟ್ರೀಯ ಮಹಿಳಾ ಸಾಫ್ಟ್‌ಬಾಲ್‌ನಲ್ಲಿ ಪಿಚ್ಚರ್ ಎಸೆಯುವ ದೂರ 43 ಅಡಿ. ಚಿಕ್ಕವರನ್ನು ನೆನೆದು ನಾವು ಎಲ್ಲರಿಗೂ 40 ಅಡಿ ಎಂದು ಗೊತ್ತುಮಾಡಿದೆವು. ಹೊತ್ತಿನ ಅಭಾವದಿಂದ ಏಳು ಇನ್ನಿಂಗ್ಸ್‌ಗೆ ಬದಲು ಐದು ಇಟ್ಟೆವು. ಇಂಥ ಪಂದ್ಯಾವಳಿಯಲ್ಲಿ ಅಂಪೈರ್‌ನ ಕೆಲಸದಲ್ಲಿ ಬಹುಪಾಲು ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ಎಸೆಯುವವಳು ಯಾರೇ ಆಗಲಿ, ಸ್ಟ್ರೈಕ್ ಝೋನ್ ಅಲ್ಲಾಡದೆ ಇರುತ್ತದೆಯೇ?

ಸಾಫ್ಟ್‌ಬಾಲ್ ನೋಡದವರಿಗಾಗಿ ಎರಡು ಮಾತು. ಹೋಂ ಪ್ಲೇಟ್ 17 ಇಂಚು ಅಗಲದ ಐದು ಮೂಲೆಯ ಬಿಳಿ ಹಲಗೆ. ಅದರ ಮೇಲಿನ ಗಾಳಿಯಲ್ಲಿ, ಬ್ಯಾಟ್ ಹಿಡಿದವಳ ಮೈಯ ಎತ್ತರಕ್ಕೆ ತಕ್ಕಂತೆ, ಕಣ್ಣಿಗೆ ಕಾಣದ ಒಂದು ಪೆಟ್ಟಿಗೆ ಇದೆ ಎಂದುಕೊಳ್ಳಿ, ಅದೇ ಸ್ಟ್ರೈಕ್ ಝೋನ್. ನಮ್ಮ ಪಂದ್ಯಾವಳಿಯಲ್ಲಿ ಅದು ಕಂಕುಳಿನಿಂದ ಮೊಣಕಾಲಿನವರೆಗೆ ಎಂದು ಮೊದಲೇ ಒಪ್ಪಿಕೊಂಡಿದ್ದೆವು. ಚೆಂಡು ಆ ಪೆಟ್ಟಿಗೆಯ ಯಾವುದೇ ಭಾಗವನ್ನು ಸೋಕಿ ಹೋದರೆ, ಬ್ಯಾಟ್ ಬೀಸದಿದ್ದರೂ ಸ್ಟ್ರೈಕ್. ಸೋಕದೆ ಹೋದರೆ, ಬೀಸದಿದ್ದಾಗ ಬಾಲ್. ಮೂರು ಸ್ಟ್ರೈಕಿಗೆ ಔಟ್, ನಾಲ್ಕು ಬಾಲಿಗೆ ಬ್ಯಾಟರ್ ಪುಕ್ಕಟೆಯಾಗಿ ಮೊದಲ ಬೇಸಿಗೆ, ಅಂದರೆ ರನ್ ಗಳಿಸಲು ಸುತ್ತಿ ಬರಬೇಕಾದ ಮೂರು ಗುರುತುಗಳಲ್ಲಿ ಮೊದಲನೆಯದಕ್ಕೆ, ನಡೆಯುತ್ತಾಳೆ, ಅದಕ್ಕೆ ವಾಕ್ ಎಂದು ಹೆಸರು. ಕ್ರಿಕೆಟ್‌ನ ವೈಡ್ ತೀರ್ಮಾನವನ್ನು ಪ್ರತಿಯೊಂದು ಎಸೆತಕ್ಕೂ, ಎಡಬಲ ಮಾತ್ರವಲ್ಲದೆ ಮೇಲೆ ಕೆಳಗೂ ನೋಡಿ, ಅರೆಕ್ಷಣದಲ್ಲಿ ಕೊಡಬೇಕಾದರೆ ಹೇಗಿರುತ್ತದೆಯೋ ಹಾಗೆ.

ಶನಿವಾರದ ನಾಲ್ಕೂ ಪಂದ್ಯಗಳಿಗೆ ಪ್ಲೇಟಿನ ಹಿಂದೆ ನಿಂತವರು ಗುಂಪಿನ ಹಿರಿಯರು, ಅರವತ್ತರ ಆಸುಪಾಸಿನವರು. ಮೊದಲ ಪಂದ್ಯಕ್ಕೆ ಮುಂಚೆ ಅವರು ಎರಡೂ ತಂಡದ ನಾಯಕಿಯರ ಜೊತೆಗೆ ಪಿಚ್ಚರ್‌ಗಳನ್ನೂ ಪ್ಲೇಟಿನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್‌ಗಳನ್ನೂ ಕರೆದು, ಸೊಂಟದ ಚೀಲದಿಂದ ಸಣ್ಣ ಬ್ರಷ್ ತೆಗೆದು ಪ್ಲೇಟಿನ ಮೇಲಿನ ಕೆಂಪು ಮಣ್ಣನ್ನು ಒರೆಸಿ, ಒಬ್ಬ ಹುಡುಗಿಯನ್ನು ಬ್ಯಾಟ್ ಹಿಡಿದು ನಿಲ್ಲಿಸಿ, ಅಂಗೈಯನ್ನು ಅಡ್ಡ ಹಿಡಿದು ತೋರಿಸಿದರು. “ನೋಡ್ರಮ್ಮ, ಮೇಲೆ ಇಲ್ಲಿ, ಕೆಳಗೆ ಇಲ್ಲಿ. ಬೆಳಿಗ್ಗೆನೂ ಇಷ್ಟೇ, ಸಾಯಂಕಾಲನೂ ಇಷ್ಟೇ. ಯಾರ್ ಎಸೆದ್ರೂ ಇಷ್ಟೇ.” ಈ ಮಾತನ್ನು ಬಹಳ ಜನ ಅಂಪೈರ್‌ಗಳು ಹೇಳುತ್ತಾರೆ. ನಾನು ಸುಮಾರು ಇಪ್ಪತ್ತು ವರ್ಷ ಶಾಲೆಯಲ್ಲಿ ದೈಹಿಕ ಶಿಕ್ಷಣದ ಮೇಷ್ಟರಾಗಿದ್ದವನು, ಆದ್ದರಿಂದ ಆ ಮಾತನ್ನು ನಂಬದೆ ಬಲೆಯ ಹಿಂದೆ ಕುರ್ಚಿ ಹಾಕಿಕೊಂಡು, ಸ್ಕೋರ್ ಪುಸ್ತಕದ ಅಂಚಿನಲ್ಲಿ ಗುರುತು ಹಾಕುತ್ತಾ ಕುಳಿತೆ.

ಅವರು ನಿಲ್ಲುತ್ತಿದ್ದ ಬಗೆಯನ್ನು ಮೊದಲು ಹೇಳಬೇಕು, ಏಕೆಂದರೆ ಸ್ಥಿರತೆ ಅಲ್ಲಿಂದಲೇ ಶುರುವಾಗುತ್ತದೆ. ಕ್ಯಾಚರ್‌ನ ನೇರ ಹಿಂದೆ ನಿಂತರೆ ಅವಳ ತಲೆಯೇ ಅಡ್ಡ ಬರುತ್ತದೆ. ಹಿರಿಯರು ಬ್ಯಾಟರ್ ಮತ್ತು ಕ್ಯಾಚರ್‌ಗಳ ನಡುವೆ ಒಳಬದಿಯಲ್ಲಿ ಸಿಗುವ ಸಂದಿನಲ್ಲಿ ಕಾಲು ಅಗಲಿಸಿ ಕೂರುತ್ತಿದ್ದರು, ಗದ್ದ ಕ್ಯಾಚರ್‌ನ ನೆತ್ತಿಯ ಮಟ್ಟಕ್ಕೆ ಬರುವಂತೆ. ಚೆಂಡು ಪಿಚ್ಚರ್‌ನ ಕೈಬಿಟ್ಟ ಮೇಲೆ ಅವರ ತಲೆ ಒಂದಿಷ್ಟೂ ಅಲುಗುತ್ತಿರಲಿಲ್ಲ, ಕಣ್ಣಷ್ಟೇ ಚೆಂಡಿನ ಜೊತೆ ಬಂದು ಕೈಗವಸಿನವರೆಗೆ ಹೋಗುತ್ತಿತ್ತು. ಆಮೇಲೆ ಒಂದು ಉಸಿರಿನಷ್ಟು ತಡೆದು ತೀರ್ಪು. ಆ ತಡೆಯನ್ನು ನೋಡಿ ಪಕ್ಕದಲ್ಲಿ ಕುಳಿತ ಪೋಷಕರೊಬ್ಬರು “ಯಾಕೆ ಸರ್, ಅವರಿಗೆ ಕಾಣ್ಸಲ್ವಾ?” ಎಂದು ಕೇಳಿದರು. ಕಾಣುತ್ತಿತ್ತು, ಕಂಡದ್ದನ್ನು ಇನ್ನೊಮ್ಮೆ ಮನಸ್ಸಿನಲ್ಲಿ ನೋಡಿಕೊಳ್ಳುತ್ತಿದ್ದರು.

ಶನಿವಾರದ ಎರಡನೇ ಪಂದ್ಯವೇ ಅವರ ಪರೀಕ್ಷೆಯಾಯಿತು. ಮೈಸೂರಿನ ಆ ಪಿಯುಸಿ ಪಿಚ್ಚರ್ ಒಂದು ಕಡೆ, ನಂಜನಗೂಡು ಕಡೆಯ ಹೈಸ್ಕೂಲ್ ತಂಡದ ಎಂಟನೇ ತರಗತಿಯವಳು ಇನ್ನೊಂದು ಕಡೆ. ಚಿಕ್ಕವಳ ಎಸೆತ ನಿಧಾನ, ಹಾಗಾಗಿ ಚೆಂಡು ಕಮಾನು ಕಟ್ಟಿಕೊಂಡು ಬಂದು ಪ್ಲೇಟಿನ ಹತ್ತಿರ ಬೇಗ ಬೇಗ ಇಳಿಯುತ್ತಿತ್ತು. ಇಲ್ಲಿಯೇ ಹೆಚ್ಚಿನ ಅಂಪೈರ್‌ಗಳು ಎಡವುವುದು. ವೇಗದ ಎಸೆತ ಪ್ಲೇಟಿನ ಮುಂಭಾಗವನ್ನು ದಾಟಿದ ಎತ್ತರಕ್ಕೂ ಕ್ಯಾಚರ್‌ನ ಕೈ ಸೇರುವ ಎತ್ತರಕ್ಕೂ ನಾಲ್ಕು ಬೆರಳಿನ ವ್ಯತ್ಯಾಸವಿದ್ದರೆ, ನಿಧಾನದ ಎಸೆತಕ್ಕೆ ಅದು ಒಂದು ಗೇಣು. ಅಂದರೆ ಚಿಕ್ಕವಳ ಚೆಂಡು ಬ್ಯಾಟರ್‌ನ ತೊಡೆಯ ಮಟ್ಟದಲ್ಲಿ ಪ್ಲೇಟನ್ನು ದಾಟಿ, ಕ್ಯಾಚರ್ ಅದನ್ನು ಮೀನಖಂಡದ ಹತ್ತಿರ ಹಿಡಿಯುತ್ತಾಳೆ. ಕೈಗವಸನ್ನು ನೋಡಿ ತೀರ್ಪು ಕೊಡುವವನು “ಬಾಲ್” ಎನ್ನುತ್ತಾನೆ. ಪ್ಲೇಟನ್ನು ನೋಡುವವನು ಮಾತ್ರ “ಸ್ಟ್ರೈಕ್” ಎನ್ನುತ್ತಾನೆ. ಹಿರಿಯರು ಎರಡನೇ ಇನ್ನಿಂಗ್ಸ್‌ನಲ್ಲಿ ಅಂಥ ಮೂರು ಎಸೆತಗಳಿಗೆ ಬಲಗೈ ಎತ್ತಿದರು. ಪಿಯುಸಿ ತಂಡದ ಕೋಚ್ ಎದ್ದು ಬಂದು, ಮಗುವಿಗೆ ಕರುಣೆ ತೋರಿಸುತ್ತಿದ್ದೀರಿ ಎಂಬ ಅರ್ಥದ ಮಾತಾಡಿದರು. ಹಿರಿಯರು ಮಾಸ್ಕನ್ನು ಮೇಲೆತ್ತಿ, “ಕರುಣೆ ಅಲ್ಲ ಸರ್, ಪ್ಲೇಟ್ ಮೇಲೆ ಬಂದಿದೆ” ಎಂದಷ್ಟೇ ಹೇಳಿ ಮಾಸ್ಕನ್ನು ಮತ್ತೆ ಇಳಿಸಿಕೊಂಡರು. ನಾನು ಕುಳಿತಿದ್ದ ಜಾಗದಿಂದ ಆ ಮೂರೂ ಸ್ಟ್ರೈಕ್‌ಗಳೇ. ಕರುಣೆ ಅಲ್ಲವೆಂಬುದಕ್ಕೆ ಅದೇ ಇನ್ನಿಂಗ್ಸ್‌ನ ಇನ್ನೊಂದು ಸಾಕ್ಷಿಯಿತ್ತು: ಮೂರು ಬಾಲ್ ಆಗಿ, ಮೂರೂ ಬೇಸ್‌ಗಳಲ್ಲಿ ಎದುರಾಳಿಗಳು ನಿಂತು, ಆ ಹುಡುಗಿಯ ತುಟಿ ನಡುಗುತ್ತಿದ್ದಾಗ ಅವಳು ಎಸೆದ ಚೆಂಡು ಹೊರ ಅಂಚಿನಿಂದ ಅರ್ಧ ಚೆಂಡಿನಷ್ಟು ಆಚೆ ಹೋಯಿತು, “ಬಾಲ್ ಫೋರ್” ಎಂದು ಅದೇ ದನಿಯಲ್ಲಿ ಹೇಳಿದರು, ಎಲ್ಲರೂ ಒಂದೊಂದು ಬೇಸ್ ಮುಂದೆ ಸರಿದು ರನ್ ಬಂತು.

ಎದುರಿನ ಕಡೆಯೂ ಅವರ ಅಳತೆ ಬದಲಾಗಲಿಲ್ಲ. ಪಿಯುಸಿ ಪಿಚ್ಚರ್‌ಗೆ ಒಳ್ಳೆಯ ಹೆಸರಿದೆ, ಅವಳ ಕ್ಯಾಚರ್ ಇನ್ನೂ ಚತುರೆ. ಹೊರಗೆ ಬಂದ ಚೆಂಡನ್ನು ಹಿಡಿದ ಕೂಡಲೇ ಕೈಗವಸನ್ನು ಮೆಲ್ಲಗೆ ಒಳಕ್ಕೆಳೆದು, ಇಲ್ಲೇ ಹಿಡಿದದ್ದು ಎನ್ನುವಂತೆ ಎರಡು ಕ್ಷಣ ಅಲುಗಾಡದೆ ಕೂರುತ್ತಿದ್ದಳು. ತಂಡದವರೆಲ್ಲ “ಓಹ್” ಎಂದು ಉದ್ಗಾರ ತೆಗೆಯುತ್ತಿದ್ದರು. ಮೂಲೆಯ ಹತ್ತಿರ ಸತತವಾಗಿ ಎಸೆಯಬಲ್ಲವಳಿಗೆ ಮೂಲೆಯಾಚೆಯದನ್ನೂ ಕೊಟ್ಟುಬಿಡೋಣ ಎಂಬ ಸೆಳೆತ ಯಾವ ಅಂಪೈರ್‌ಗಾದರೂ ಇರುತ್ತದೆ. ಇದು ನಮ್ಮೂರಿನ ಕಾಯಿಲೆಯಷ್ಟೇ ಅಲ್ಲ. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನ 2008 ಮತ್ತು 2009ನೇ ಸಾಲಿನ ಏಳು ಲಕ್ಷಕ್ಕೂ ಹೆಚ್ಚು ಎಸೆತಗಳನ್ನು ಕ್ಯಾಮೆರಾದ ದಾಖಲೆಯೊಂದಿಗೆ ಹೋಲಿಸಿ ನೋಡಿದ ಜೆರ್ರಿ ಕಿಮ್ ಮತ್ತು ಬ್ರೇಡನ್ ಕಿಂಗ್ ಎಂಬ ಇಬ್ಬರು ಸಂಶೋಧಕರು, ಆಲ್‌ಸ್ಟಾರ್ ಪಟ್ಟ ಹೊತ್ತ ಪಿಚ್ಚರ್‌ಗಳಿಗೆ ಝೋನ್‌ನ ಹೊರಗಿನ ಎಸೆತಕ್ಕೂ ಸ್ಟ್ರೈಕ್ ಸಿಗುವ ಸಾಧ್ಯತೆ ಹೆಚ್ಚು ಎಂದು 2014ರಲ್ಲಿ ಪ್ರಕಟಿಸಿದರು. ಆ ಅಂಪೈರ್‌ಗಳು ಸಂಬಳಕ್ಕೆ ಇದನ್ನೇ ವೃತ್ತಿಯಾಗಿ ಮಾಡುವವರು, ಪ್ರತಿ ರಾತ್ರಿ ಅವರ ತೀರ್ಪುಗಳ ಲೆಕ್ಕ ನಡೆಯುತ್ತದೆ. ಹಾಗಿದ್ದೂ ಹೆಸರಿನ ಭಾರ ಅವರ ಕಣ್ಣನ್ನು ಎಳೆದಿದೆ. ನಮ್ಮ ಹಿರಿಯರು ಶನಿವಾರ ಆ ಹುಡುಗಿಯ ಎರಡು ಚೆಂಡಿನಷ್ಟು ಹೊರಗಿನ ಎಸೆತಕ್ಕೆ ಒಮ್ಮೆಯೂ ಕೈ ಎತ್ತಲಿಲ್ಲ. ನಾಲ್ಕನೇ ಇನ್ನಿಂಗ್ಸ್ ಹೊತ್ತಿಗೆ ಕ್ಯಾಚರ್ ಕೈಗವಸು ಎಳೆಯುವುದನ್ನೇ ಬಿಟ್ಟಳು.

ಅವರಲ್ಲಿ ದೋಷವೇ ಇರಲಿಲ್ಲ ಎಂದಲ್ಲ. ಮೊಣಕಾಲಿನ ಅಂಚಿನ ಎಸೆತಕ್ಕೆ ಅವರು ದಿನವಿಡೀ ಜಿಪುಣರಾಗಿದ್ದರು. ನನ್ನ ಪುಸ್ತಕದ ಅಂಚಿನಲ್ಲಿ “ಕೆಳಗೆ, ಸ್ಟ್ರೈಕ್ ಇತ್ತು” ಎಂಬ ಗುರುತು ಪಂದ್ಯಕ್ಕೆ ನಾಲ್ಕೈದಾದರೂ ಇವೆ. ಆದರೆ ಆ ಗುರುತುಗಳು ಎಲ್ಲ ಪಿಚ್ಚರ್‌ಗಳ ಹೆಸರಿನ ಮುಂದೆಯೂ ಇವೆ. ಪಿಚ್ಚರ್‌ಗಳು ಒಂದು ಇನ್ನಿಂಗ್ಸ್ ಮುಗಿಯುವುದರೊಳಗೆ ಅದನ್ನು ತಿಳಿದುಕೊಂಡು ಅರ್ಧ ಗೇಣು ಮೇಲಕ್ಕೆ ಎಸೆಯತೊಡಗಿದರು, ಬ್ಯಾಟರ್‌ಗಳು ಕೆಳಗಿನದನ್ನು ಬಿಡತೊಡಗಿದರು. ನಿಯಮಪುಸ್ತಕದ ಝೋನ್‌ಗಿಂತ ಸ್ವಲ್ಪ ಚಿಕ್ಕದಾದರೂ ಅಲ್ಲಾಡದ ಝೋನ್‌ನಲ್ಲಿ ಆಟ ಆಡಬಹುದು.

ಹಾಗೆಂದು ಇಬ್ಬರಿಗೂ ಸಮನಾಗಿ ಇರುವುದೊಂದೇ ಸಾಕು ಎಂದೂ ನಾನು ಹೇಳಲಾರೆ. 1997ರ ಅಕ್ಟೋಬರ್ 12ರಂದು ಫ್ಲಾರಿಡಾ ಮಾರ್ಲಿನ್ಸ್ ಮತ್ತು ಅಟ್ಲಾಂಟಾ ಬ್ರೇವ್ಸ್ ನಡುವೆ ನಡೆದ ಪಂದ್ಯವನ್ನು ಬೇಸ್‌ಬಾಲ್ ಪ್ರಿಯರು ಇಂದಿಗೂ ಎತ್ತುತ್ತಾರೆ. ಅಂದು ಹೊರ ಅಂಚು ಎಷ್ಟು ಅಗಲವಾಗಿತ್ತೆಂದರೆ, ಮಾರ್ಲಿನ್ಸ್‌ನ ಲಿವಾನ್ ಹೆರ್ನಾಂಡೆಜ್ 15 ಜನರನ್ನು ಸ್ಟ್ರೈಕ್‌ಔಟ್ ಮಾಡಿದ. ಎದುರಿಗೆ ಎಸೆಯುತ್ತಿದ್ದವನು ಅಂಚಿನ ಎಸೆತಕ್ಕೆ ಹೆಸರಾದ ಗ್ರೆಗ್ ಮ್ಯಾಡಕ್ಸ್. ಅಗಲ ಅವನಿಗೂ ಸಿಕ್ಕಿತು ಎಂದು ವಾದಿಸುವವರಿದ್ದಾರೆ. ಆದರೆ ಬ್ಯಾಟ್ ಮುಟ್ಟಲಾಗದ ಜಾಗವನ್ನು ಸ್ಟ್ರೈಕ್ ಎಂದು ಕರೆದರೆ ಪಿಚ್ಚರ್‌ಗಳಿಬ್ಬರಿಗೆ ಸಮ, ಬ್ಯಾಟ್ ಹಿಡಿದವರೆಲ್ಲರಿಗೂ ಅನ್ಯಾಯ. ಭಾನುವಾರ ನಮ್ಮಲ್ಲಿ ಆದದ್ದು ಈ ಎರಡನೇ ಬಗೆಯದು, ಅದಕ್ಕಿಂತ ಸ್ವಲ್ಪ ಕೆಟ್ಟದ್ದು.

ಭಾನುವಾರದ ಮೊದಲ ಸೆಮಿಫೈನಲ್‌ಗೆ ಗುಂಪಿನವರು ಪ್ಲೇಟಿಗೆ ಕಿರಿಯ ಅಂಪೈರ್ ಒಬ್ಬರನ್ನು ನಿಲ್ಲಿಸಿ, ಹಿರಿಯರನ್ನು ಬೇಸ್ ಕಡೆಗೆ ಕಳಿಸಿದರು. ಹೀಗೆ ಬದಲಾಯಿಸುತ್ತೇವೆಂದು ನಮಗೆ ಮುಂಚೆ ಹೇಳಿರಲಿಲ್ಲ. ಬಸ್ಸು ತಪ್ಪಿತೆಂದು ಇಪ್ಪತ್ತು ನಿಮಿಷ ತಡವಾಗಿ ಬಂದದ್ದರಿಂದ ಝೋನ್ ತೋರಿಸುವ ಶಾಸ್ತ್ರವೂ ನಡೆಯಲಿಲ್ಲ. ಶ್ರೀರಂಗಪಟ್ಟಣ ಕಡೆಯ ಹೈಸ್ಕೂಲ್ ತಂಡದ ಮುಖ್ಯ ಪಿಚ್ಚರ್‌ನ ಬೆರಳು ಹಿಂದಿನ ದಿನ ಉಳುಕಿತ್ತು. ಬದಲಿಗೆ ಬಂದವಳು ಎಂದಿಗೂ ಪಿಚ್ಚರ್ ಆಗಿ ಆಡಿದವಳಲ್ಲ. ಎದುರಿಗೆ ಮಂಡ್ಯದ ಪಿಯುಸಿ ತಂಡ. ಮೊದಲ ಇನ್ನಿಂಗ್ಸ್‌ನಲ್ಲೇ ಒಂದರ ಹಿಂದೆ ಒಂದು ಏಳು ವಾಕ್ ಆದವು. ಔಟ್ ಒಂದೂ ಇಲ್ಲ. ಫೀಲ್ಡಿನಲ್ಲಿದ್ದ ಹುಡುಗಿಯರು ಮಣ್ಣಿನಲ್ಲಿ ಕಾಲಿನಿಂದ ಗೆರೆ ಎಳೆಯುತ್ತಾ ನಿಂತಿದ್ದರು, ಶಾಮಿಯಾನಾದ ಕೆಳಗೆ ಜನ ಮಜ್ಜಿಗೆಯ ಕಡೆ ಎದ್ದು ಹೋಗತೊಡಗಿದರು.

ಎಂಟನೆಯ ಬ್ಯಾಟರ್‌ನಿಂದ ಝೋನ್ ಬೆಳೆಯಲು ಶುರುವಾಯಿತು. ಮೊದಲು ಹೊರಗಡೆ ಒಂದು ಚೆಂಡಿನಷ್ಟು, ಆಮೇಲೆ ಭುಜದವರೆಗೆ, ಕೊನೆಗೆ ಕಿವಿಯ ಮಟ್ಟದಲ್ಲಿ ಹೋದ ಚೆಂಡಿಗೂ ಸ್ಟ್ರೈಕ್. ಮಂಡ್ಯದ ಒಂಬತ್ತನೇ ಬ್ಯಾಟರ್ ತಂಡದಲ್ಲೇ ಕುಳ್ಳಿ, ತಾಳ್ಮೆಯಿಂದ ಎಸೆತಗಳನ್ನು ಬಿಟ್ಟು ವಾಕ್ ಗಳಿಸುವುದೇ ಅವಳ ಬಲ. ಮೂರನೇ ಸ್ಟ್ರೈಕ್ ಅವಳ ಹೆಲ್ಮೆಟ್ಟಿನ ಅಂಚಿಗೆ ಸಮನಾಗಿ ಹೋಯಿತು. ಅವಳು ಜಗಳ ಮಾಡಲಿಲ್ಲ. ಬ್ಯಾಟನ್ನು ಕೆಳಗಿಳಿಸಿ, ತನ್ನ ಎದೆಯ ಮುಂದೆ ಕೈ ಅಡ್ಡ ಹಿಡಿದು, ಹಿಂದಿನ ದಿನ ಹಿರಿಯರು ತೋರಿಸಿದ ಹಾಗೆ, ತಾನೇ ಒಮ್ಮೆ ನೋಡಿಕೊಂಡು ಹೋದಳು. ಮೂರನೇ ಇನ್ನಿಂಗ್ಸ್‌ನಲ್ಲಿ ಮಂಡ್ಯದ ಕೋಚ್ ಆಕ್ಷೇಪಿಸಿದ ಮೇಲೆ ಕಿರಿಯರು ಝೋನನ್ನು ದಿಢೀರನೆ ಬಿಗಿ ಮಾಡಿದರು. ಈಗ ಆ ಬದಲಿ ಪಿಚ್ಚರ್‌ಗೆ, ಹತ್ತು ನಿಮಿಷದ ಹಿಂದೆ ಸ್ಟ್ರೈಕ್ ಆಗಿದ್ದ ಎಸೆತವೇ ಬಾಲ್ ಆಯಿತು. ಅವಳು ಅಂಪೈರ್‌ನ ಮುಖ ನೋಡಿದಳು, ಕ್ಯಾಚರ್‌ನ ಮುಖ ನೋಡಿದಳು, ಮತ್ತೆ ನಾಲ್ಕು ವಾಕ್ ಕೊಟ್ಟಳು. ಕರುಣೆಯಿಂದ ಶುರುವಾದದ್ದು ಆ ಮಗುವಿಗೇ ಹೆಚ್ಚು ಕಾಟ ಕೊಟ್ಟಿತು.

ಪಂದ್ಯ ಮುಗಿದ ಮೇಲೆ ನಾನು ಕಿರಿಯರನ್ನು ಪಕ್ಕಕ್ಕೆ ಕರೆದು ಕೇಳಿದೆ. ಅವರು ಮುಚ್ಚಿಡಲಿಲ್ಲ. “ಏನ್ ಮಾಡ್ಲಿ ಸರ್, ಮಗು ಅಳೋ ಹಾಗಿತ್ತು. ಹಾಗೇ ಬಿಟ್ಟಿದ್ರೆ ಮಧ್ಯಾಹ್ನ ಆದ್ರೂ ಮೊದಲನೇ ಇನ್ನಿಂಗ್ಸ್ ಮುಗೀತಿರ್ಲಿಲ್ಲ.” ಎರಡನೆಯ ವಾಕ್ಯಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಏಕೆಂದರೆ ಅದು ನಮ್ಮ ತಪ್ಪು. ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಐದು ಇನ್ನಿಂಗ್ಸ್ ಮುಗಿದಾಗ 7 ರನ್ ಅಂತರವಿದ್ದರೆ ಆಟ ಮುಗಿಸುವ ನಿಯಮವಿದೆ. ಮಕ್ಕಳ ಪಂದ್ಯಗಳಲ್ಲಿ ಒಂದು ಇನ್ನಿಂಗ್ಸ್‌ಗೆ ಇಷ್ಟೇ ರನ್ ಎಂದು ಮಿತಿ ಇಡುವ ವಾಡಿಕೆಯಿದೆ. ಅಂಥದ್ದೊಂದನ್ನೂ ನಾವು ನಿಯಮದ ಹಾಳೆಯಲ್ಲಿ ಬರೆದಿರಲಿಲ್ಲ. ಆಟ ಎಳೆದಾಡದಂತೆ ನೋಡಿಕೊಳ್ಳುವ ಹೊಣೆ ಸಂಘಟಕರದ್ದು. ನಾವು ಅದನ್ನು ಮರೆತಾಗ ಅಂಪೈರ್ ತನ್ನ ಕೈಯಲ್ಲಿದ್ದ ಒಂದೇ ಉಪಾಯವನ್ನು ಬಳಸಿದರು. ಆದರೂ ಅವರು ಆಟವನ್ನು ನಿಲ್ಲಿಸಿ, ಇಬ್ಬರು ಕೋಚ್‌ಗಳನ್ನು ಕರೆದು, “ಇನ್ನು ಮುಂದೆ ಝೋನ್ ಹೀಗಿರುತ್ತದೆ, ಇಬ್ಬರಿಗೂ” ಎಂದು ಹೇಳಿದ್ದರೆ ಅದು ಒಪ್ಪಬಹುದಾದ ಮಾತಾಗುತ್ತಿತ್ತು. ಯಾರಿಗೂ ಹೇಳದೆ, ಒಬ್ಬಳ ಕಣ್ಣೀರು ನೋಡಿ, ಇನ್ನೊಂದು ತಂಡದ ಖರ್ಚಿನಲ್ಲಿ ಅಗಲಿಸಿದ್ದಕ್ಕೆ ನನ್ನ ದೂರು.

ಇದರಲ್ಲೂ ಅವರೊಬ್ಬರೇ ಅಲ್ಲ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಮೂರು ಬಾಲ್ ಆಗಿ ಒಂದೂ ಸ್ಟ್ರೈಕ್ ಇಲ್ಲದಾಗ ಅಂಪೈರ್‌ಗಳ ಝೋನ್ ಹಿಗ್ಗುತ್ತದೆ, ಎರಡು ಸ್ಟ್ರೈಕ್ ಆಗಿ ಒಂದೂ ಬಾಲ್ ಇಲ್ಲದಾಗ ಕುಗ್ಗುತ್ತದೆ ಎಂಬುದು ಮೇಜರ್ ಲೀಗಿನ ಎಸೆತಗಳ ವಿಶ್ಲೇಷಣೆಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. ಸೋಲುತ್ತಿರುವವನ ಕಡೆಗೆ ಮನಸ್ಸು ವಾಲುತ್ತದೆ. ದಕ್ಷಿಣ ಕೊರಿಯಾದ ವೃತ್ತಿಪರ ಬೇಸ್‌ಬಾಲ್ ಲೀಗ್ 2024ರಿಂದ ಬಾಲ್ ಮತ್ತು ಸ್ಟ್ರೈಕ್ ತೀರ್ಪನ್ನು ಯಂತ್ರಕ್ಕೇ ಒಪ್ಪಿಸಿದೆ. ಅಮೆರಿಕದ ಮೇಜರ್ ಲೀಗ್ 2026ನೇ ಸಾಲಿಗೆ, ಅಂಪೈರ್‌ನ ತೀರ್ಪನ್ನು ತಂಡಗಳು ಯಂತ್ರದ ಮುಂದೆ ಪ್ರಶ್ನಿಸುವ ಪದ್ಧತಿಯನ್ನು ಒಪ್ಪಿಕೊಂಡಿತು, ತಂಡಕ್ಕೆ ಎರಡು ಅವಕಾಶ. ನಮ್ಮ ಮೈದಾನದಲ್ಲಿ ಸುಣ್ಣದ ಗೆರೆಯನ್ನೇ ಪ್ರತಿ ಪಂದ್ಯಕ್ಕೂ ಮತ್ತೆ ಹಾಕಬೇಕು. ಯಂತ್ರದ ಮಾತು ದೂರವೇ ಉಳಿಯಿತು.

ಮಧ್ಯಾಹ್ನ ನಾವು ಎಲ್ಲ ಕೋಚ್‌ಗಳನ್ನೂ ಕೇಳಿ ಇನ್ನಿಂಗ್ಸ್‌ಗೆ ಐದು ರನ್ ಮಿತಿ ಹಾಕಿದೆವು, ಹಿರಿಯರು ಪ್ಲೇಟಿಗೆ ಮರಳಿದರು. ಮೂರನೇ ಸ್ಥಾನದ ಪಂದ್ಯದಲ್ಲಿ ಅದೇ ಬದಲಿ ಪಿಚ್ಚರ್ ಮತ್ತೆ ಎಸೆದಳು. ಒಂಬತ್ತು ವಾಕ್ ಕೊಟ್ಟಳು, ಮಿತಿಯಿಂದಾಗಿ ಇನ್ನಿಂಗ್ಸ್‌ಗಳು ಮುಗಿದವು, ನಾಲ್ಕನೆಯದರಲ್ಲಿ ಒಬ್ಬಳನ್ನು ನಿಜವಾದ ಸ್ಟ್ರೈಕ್‌ಗಳಿಂದಲೇ ಔಟ್ ಮಾಡಿದಳು. ಫೈನಲ್ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ: ಎರಡೂ ಕಡೆ ಪಳಗಿದ ಪಿಚ್ಚರ್‌ಗಳು, ತಕರಾರಿಲ್ಲದ ಪಂದ್ಯ, ಸಂಜೆ ಐದೂವರೆಗೆ ಮುಗಿಯಿತು.

ಸೇವೆಯ ಉಳಿದ ಅಂಶಗಳು ಚೆನ್ನಾಗಿಯೇ ಇದ್ದವು. ಮಾಸ್ಕ್, ಎದೆಗವಚ, ಎಣಿಕೆಯ ಇಂಡಿಕೇಟರ್ ಎಲ್ಲವನ್ನೂ ಅವರೇ ತಂದಿದ್ದರು. ಬೇಸ್ ಅಂಪೈರಿಂಗ್ ಎರಡೂ ದಿನ ಚುರುಕಾಗಿತ್ತು. ರಸೀದಿ ಕೇಳದೆಯೇ ಕೊಟ್ಟರು. ಒಂದು ಪಂದ್ಯಕ್ಕೆ ಇಬ್ಬರು ಅಂಪೈರ್‌ಗಳಿಗೆ 1,200 ರೂಪಾಯಿ, ಓಡಾಟದ ಖರ್ಚು ಬೇರೆ. ಶನಿವಾರದ ಕೆಲಸಕ್ಕೆ ಅದು ಕಡಿಮೆಯೇ ಎನಿಸಿತು. ಭಾನುವಾರ ಬೆಳಗಿನದಕ್ಕೆ ಹಾಗೆ ಹೇಳಲಾರೆ.

ದೂರನ್ನು ನಾನು ಬರವಣಿಗೆಯಲ್ಲೇ ಕೊಟ್ಟೆ. ಒಂದು ವಾರದ ಮೇಲೆ ಹಿರಿಯರು ಫೋನ್ ಮಾಡಿ, ಕಿರಿಯರನ್ನು ಇನ್ನೊಂದು ವರ್ಷ ಬೇಸ್‌ನಲ್ಲಿಯೇ ಇಟ್ಟು, ಅಭ್ಯಾಸ ಪಂದ್ಯಗಳಲ್ಲಷ್ಟೇ ಪ್ಲೇಟಿಗೆ ನಿಲ್ಲಿಸುತ್ತೇವೆ ಎಂದರು. ಮುಂದಿನ ಸಲ ಪಂದ್ಯಕ್ಕೆ ನೂರು ರೂಪಾಯಿ ಹೆಚ್ಚು ಕೇಳಿದರು. ಒಪ್ಪಿಕೊಂಡು ಮುಂಗಡ ಕಳಿಸಿದ್ದೇವೆ. ಪ್ಲೇಟಿಗೆ ನಿಲ್ಲುವವರು ಯಾರೆಂದು ಎರಡು ದಿನ ಮುಂಚೆ ತಿಳಿಸಬೇಕು, ಎಷ್ಟೇ ತಡವಾಗಿದ್ದರೂ ಪ್ರತಿ ಪಂದ್ಯಕ್ಕೆ ಮುಂಚೆ ಇಬ್ಬರು ಪಿಚ್ಚರ್‌ಗಳ ಎದುರಿಗೆ ಅಂಗೈ ಅಡ್ಡ ಹಿಡಿದು ಝೋನ್ ತೋರಿಸಬೇಕು ಎಂದು ಪತ್ರದಲ್ಲಿ ಸೇರಿಸಿದ್ದೇವೆ. ರನ್ ಮಿತಿಯನ್ನು ಈ ಬಾರಿ ನಮ್ಮ ಹಾಳೆಯಲ್ಲಿ ಮೊದಲ ಸಾಲಿನಲ್ಲೇ ಬರೆದಿದ್ದೇವೆ.